ನಳದ ನೀರೂ ನಮ್ಮ ಅತ್ತೆಯ ಬೇಳೆಯೂ

ಸವುಳು ನೀರಿನ ಊರಿಗೆ ಸೊಸೆಯಾಗಿ ಹೋದವಳು ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ನಳ ತಿರುವಿದರೆ ಸಾಕು, ಅದೇ ಬಂದು ಕೊಡದಲ್ಲಿ ಬೀಳುತ್ತದೆ. ನನ್ನ ತವರು ಮುಧೋಳ. ಘಟಪ್ರಭೆಯ ಸಿಹಿನೀರು ಕುಡಿದು ಬೆಳೆದವಳು. ಕೊಟ್ಟದ್ದು ಬನಹಟ್ಟಿಯ ನೇಕಾರರ ಮನೆಗೆ. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದಿದ್ದ ಕಾಲ. ನಮ್ಮ ಓಣಿಗೆ ಆಗಷ್ಟೇ ನಳ ಬಂದಿತ್ತು. ಬಾವಿಯಲ್ಲಿದ್ದ ಅದೇ ಸವುಳು ನೀರು ಟಾಕಿ ಹತ್ತಿ, ಕೊಳವೆ ಇಳಿದು, ದೊಡ್ಡಸ್ತಿಕೆಯಿಂದ ಮನೆ ಬಾಗಿಲಿಗೆ ಬರುತ್ತಿತ್ತು.

ಮೊದಲ ಬೇಳೆ

ಹೊಸ ಸೊಸೆಯ ಮೊದಲ ಅಡುಗೆ. ತವರಿನ ರೂಢಿಯಂತೆ ಹೊತ್ತೇರಿದ ಮೇಲೆ ತೊಗರಿಬೇಳೆ ಒಲೆಗಿಟ್ಟೆ. ಮುಧೋಳದಲ್ಲಿ ರೊಟ್ಟಿ ಬಡಿದು ಮುಗಿಸುವುದರೊಳಗೆ ಬೇಳೆ ಬೆಂದಿರುತ್ತಿತ್ತು. ಇಲ್ಲಿ ರೊಟ್ಟಿ ಮುಗಿದವು, ಕಟ್ಟಿಗೆ ಮುಗಿಯಿತು, ಗಂಡಸರು ಮಗ್ಗದ ಕುಣಿಯಿಂದ ಎದ್ದು ಕೈ ತೊಳೆದು ಕುಳಿತರು. ಬೇಳೆ ಮಾತ್ರ ಅಂಗಡಿಯಿಂದ ತಂದ ಹಾಗೆಯೇ ಇತ್ತು. ಬೇರೆ ದಾರಿಯಿಲ್ಲದೆ ಬಡಿಸಿದೆ. ಮಾವ ಒಂದು ತುತ್ತು ಬಾಯಿಗಿಟ್ಟರು. ಕಟುಂ ಎಂದಿತು. ಪಾಪ, ರೊಟ್ಟಿಗೆ ಬೆಲ್ಲ ಕೇಳಿದರು.

ಅತ್ತೆ ಬಿಡಲಿಲ್ಲ. “ಯವ್ವಾ, ನಿಮ್ಮ ತವರಮನ್ಯಾಗ ಬ್ಯಾಳಿ ಬೇಯಸ್ತಾರೋ, ಬರೇ ತೊಳದು ಬಡಸ್ತಾರೋ?”

“ನೀರು ಸವಳ ಐತ್ರಿ ಅತ್ತ್ಯಾರ, ಅದಕ್ಕ...” ಎಂದೆ.

“ನಾ ಲಗ್ನಾಗಿ ಬಂದಾಗಿಂದ ಇದಽ ನೀರಾಗ ಬೇಯಸಾಕತ್ತೇನಿ. ನೀರಿಗೆ ಯಾಕ ಹೆಸರಿಡ್ತಿ?”

ಅವರ ಗುಟ್ಟು ಆಮೇಲೆ ತಿಳಿಯಿತು. ಕಸ ಗುಡಿಸುವ ಮೊದಲೇ ಬೇಳೆ ಒಲೆಗೇರಬೇಕು, ಜೊತೆಗೆ ಸೋಡಾ ಬೀಳಬೇಕು. ನಾನೂ ಹಾಗೇ ಮಾಡತೊಡಗಿದೆ. ಆದರೆ ಅಷ್ಟರಲ್ಲಿ ಓಣಿಯ ತುಂಬ ಸುದ್ದಿ ಹಬ್ಬಿತ್ತು. ನಳಕ್ಕೆ ಕೊಡ ಹಚ್ಚಿ ನಿಂತರೆ ಒಬ್ಬಳು ಇನ್ನೊಬ್ಬಳಿಗೆ ನನ್ನ ಪರಿಚಯ ಹೇಳುವಳು: “ಈಕೀನಽ ನೋಡ, ಬ್ಯಾಳಿ ಬೇಯಸಾಕ ಬರದ ಸೊಸಿ.” ನನಗೆ ಅಳುವೇ ಬರುತ್ತಿತ್ತು. ಅತ್ತೆಯ ಬಾಯಿಂದ ಒಂದೇ ಒಂದು ಸಲ ‘ತಪ್ಪು ಸೊಸೆಯದಲ್ಲ’ ಅನ್ನಿಸಬೇಕೆಂದು ಹಟ ತೊಟ್ಟೆ. ವರ್ಷವೆರಡು ಕಳೆಯಿತು. ಬೇಳೆಯಾದರೂ ಬೇಯತೊಡಗಿತು, ಅತ್ತೆ ಬೇಯಲಿಲ್ಲ.

ಹಂಡೆಯ ತೂಕ

ಬಚ್ಚಲ ತಾಮ್ರದ ಹಂಡೆ ಅತ್ತೆ ತವರಿನಿಂದ ತಂದದ್ದು. ಇಬ್ಬರು ಹಿಡಿಯದೆ ಏಳುತ್ತಿರಲಿಲ್ಲ. “ಈಗಿನ ಹಂಡೇವು ಕಾಗದ ಇದ್ದಂಗ. ಇದರ ತೂಕ ನೋಡ್ರಿ” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಒಂದು ದಿನ ಮಹಾಲಿಂಗಪುರದ ಕಲಾಯಿಯವನು ಓಣಿಗೆ ಬಂದ. ಹಂಡೆಯೊಳಗೆ ಕೈಯಾಡಿಸಿ, ನಕ್ಕು, ಉಳಿ ಸುತ್ತಿಗೆ ತೆಗೆದ. ಅರ್ಧ ದಿನ ಕೆತ್ತಿ, ಒಳಗೆ ಕಟ್ಟಿದ್ದ ಕಲ್ಲಿನಂಥ ಬಿಳಿ ಹಕ್ಕಳೆಯನ್ನು ಒಂದು ಬುಟ್ಟಿ ತುಂಬ ಎಬ್ಬಿಸಿದ. ಆಮೇಲೆ ಹಂಡೆಯನ್ನು ನಾನೊಬ್ಬಳೇ ಎತ್ತಿದೆ.

ಅತ್ತೆ ಹೌಹಾರಿದರು. “ನನ್ನ ಹಂಡೇದ ತಾಮ್ರ ಎಲ್ಲಿ ಹಾಕಿದಿ?”

“ತಾಮ್ರ ಹಂಡ್ಯಾಗಽ ಐತ್ರಿ ಅವ್ವಾರ. ಬುಟ್ಟ್ಯಾಗ ಇರೂದು ನಿಮ್ಮ ನೀರು,” ಎಂದ ಕಲಾಯಿಯವನು.

ಈಗ ಸಿಕ್ಕಿಬಿದ್ದರು ಎಂದು ನಾನು ಸೆರಗು ಬಾಯಿಗಿಟ್ಟುಕೊಂಡು ಕಾದೆ. ಅತ್ತೆ ಬುಟ್ಟಿಯಿಂದ ಒಂದು ಹಕ್ಕಳೆ ಎತ್ತಿ ಎರಡೂ ಕೈಯಿಂದ ಮುರಿಯಲು ನೋಡಿದರು. ಮುರಿಯಲಿಲ್ಲ.

“ನೋಡಿದಿ?” ಎಂದರು ನನಗೆ. “ನಮ್ಮ ನೀರಾಗ ಎಷ್ಟ ಕಸುವ ಐತಿ.”

ಫೋಟೋ

ಮದುವೆಯಾದ ವರ್ಷವೇ ಫೋಟೋ ತೆಗೆಸಲು ಜಮಖಂಡಿಗೆ ಹೋಗಿದ್ದೆವು. ನಮ್ಮವರು ಹೊಸದಾಗಿ ಕ್ರಾಪು ಬಿಟ್ಟಿದ್ದರು. ಅದು ಫೋಟೋದಲ್ಲಿ ಬರಲೇಬೇಕೆಂದು ಟೊಪ್ಪಿಗೆಯನ್ನು ಮನೆಯಲ್ಲೇ ಬಿಟ್ಟು, ಮುಂಜಾನೆ ನಳದ ಕೆಳಗೆ ಕುಳಿತು ಸಾಬೂನು ಅರ್ಧ ಸವೆಯುವ ತನಕ ತಲೆ ತಿಕ್ಕಿಕೊಂಡರು. ನೊರೆ ಏಳಲಿಲ್ಲ. ಸಾಬೂನು ಮೊಸರಿನಂತೆ ಒಡೆದು ಕೂದಲಿಗೆ ಅಂಟಿತು. ಮೋಟಾರು ಜಮಖಂಡಿ ಮುಟ್ಟುವಷ್ಟರಲ್ಲಿ ಕೂದಲು ಒಣಗಿ ಕಸಬರಿಗೆಯಂತೆ ನೆಟ್ಟಗೆ ನಿಂತಿತ್ತು. ಫೋಟೋದವನು ಬಾಚಿದ, ಎಣ್ಣೆ ಹಚ್ಚಿದ, ಅಂಗೈಯಿಂದ ಒತ್ತಿದ. ಕೈ ತೆಗೆದರೆ ಮತ್ತೆ ಎದ್ದಿತು. ಕೊನೆಗೆ ತನ್ನ ಬಿಳಿ ಟೊಪ್ಪಿಗೆಯನ್ನೇ ತೆಗೆದು ಅವರ ತಲೆಗಿಟ್ಟ.

ನನ್ನ ಬಳಿ ಇರುವ ಅವರ ಫೋಟೋ ಅದೊಂದೇ. ಅವರು ಹೋಗಿ ಬಹಳ ವರ್ಷವಾಯಿತು. ಅದನ್ನು ನೋಡಿದಾಗ ಮೊದಲು ನಗು ಬರುತ್ತದೆ, ಆಮೇಲೆ ಸೆರಗಿನಿಂದ ಅದರ ಗಾಜು ಒರೆಸುತ್ತೇನೆ. ಮೊಮ್ಮಕ್ಕಳಿಗೆ ಇದೆಲ್ಲ ಏನು ಗೊತ್ತು? “ಆಯಿ, ಅಜ್ಜ ಇಲೆಕ್ಷನ್ನಿಗೆ ನಿಂತಿದ್ದನೇನ?” ಎಂದು ಕೇಳುತ್ತವೆ.

ಮುಧೋಳದಲ್ಲಿ ಅತ್ತೆ

ನನ್ನ ಅಣ್ಣನ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಅತ್ತೆ ಮೊದಲ ಸಲ ನನ್ನ ತವರಿಗೆ ಬಂದರು. “ಬೀಗತ್ಯಾರ, ಇವತ್ತಿನ ಬ್ಯಾಳಿ ನಂದು,” ಎಂದರು ನನ್ನ ಅವ್ವನಿಗೆ. “ಒಂದೊಂದು ಹೋಳು ಬಿಡಿಬಿಡಿ ಇರಬೇಕು, ಹಿಚಕಿದರ ಬೆಣ್ಣಿ ಆಗಬೇಕು. ನಿಮ್ಮ ಮಗಳೂ ನೋಡ್ಲಿ.” ಬೆಳಕು ಹರಿಯುತ್ತಲೇ ದೊಡ್ಡ ಪಾತ್ರೆಯಲ್ಲಿ ಬೇಳೆ ಇಟ್ಟು, ಬನಹಟ್ಟಿಯ ಅಳತೆಯಲ್ಲೇ ಸೋಡಾ ಹಾಕಿ, ಉರಿ ಜೋರು ಮಾಡಿದರು. ಇಷ್ಟು ಬೇಗ ಯಾಕೆ ಎಂದು ಹೇಳಲು ನಾನು ಬಾಯಿ ತೆರೆದೆ. ಬೀಗರ ಮಾತಿಗೆ ಅಡ್ಡ ಬರಬಾರದೆಂದು ಅವ್ವ ನನ್ನ ತೋಳು ಚಿವುಟಿದಳು. ಅತ್ತೆ ಸ್ನಾನಕ್ಕೆ ಹೋದರು.

ಸಾಬೂನನ್ನೂ ಅದೇ ಅಳತೆಯಲ್ಲಿ ತಿಕ್ಕಿಕೊಂಡರೆಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಬಚ್ಚಲ ಬಾಗಿಲ ಸಂದಿಯಿಂದ ನೊರೆ ಹೊರಗೆ ಬಂತು. ಒಳಗಿಂದ ಅತ್ತೆಯ ದನಿ: “ಲಗೂನ ನೀರ ತಾ ಬೇ, ಈ ಬುರುಗು ಹೋಗವಲ್ದು.” ಒಂದು ಕೊಡ ಕೊಟ್ಟೆ. ಇನ್ನೊಂದು ಕೊಟ್ಟೆ. “ಎಷ್ಟ ಹಾಕ್ಕೊಂಡ್ರೂ ಮೈ ಜಾರಾಕತ್ತೈತಿ. ಇದು ನೀರೋ, ಎಣ್ಣಿಯೋ?” ಐದು ಕೊಡ ಸುರಿದುಕೊಂಡು ಅವರು ಹೊರಗೆ ಬರುವಷ್ಟರಲ್ಲಿ ನೆಂಟರೆಲ್ಲ ಬಂದು ಕುಳಿತಿದ್ದರು.

ನೇರವಾಗಿ ಒಲೆಯ ಹತ್ತಿರ ಹೋಗಿ ಸೌಟು ಆಡಿಸಿದರು. ತಳ ಮುಟ್ಟಿಸಿ ಮತ್ತೆ ಆಡಿಸಿದರು. ಬರೀ ಹಳದಿ ನೀರು.

“ಇದರಾಗಿನ ಬ್ಯಾಳಿ ಯಾರ ತಗದ್ರಿ?”

“ಯಾರೂ ತಗದಿಲ್ರಿ ಬೀಗತ್ಯಾರ,” ಅವ್ವ ಮೆಲ್ಲಗೆ ಹೇಳಿದಳು. “ಬೆಂದೈತ್ರಿ.”

ಬೇರೆ ಮಾಡಲು ಹೊತ್ತಿರಲಿಲ್ಲ, ಅದನ್ನೇ ಬಡಿಸಿದೆವು. ರೊಟ್ಟಿಯ ಮೇಲೆ ಹಾಕಿದ್ದು ಹರಿದು ಪಕ್ಕದವರ ಎಲೆ ಮುಟ್ಟಿತು. ನನ್ನ ಸೋದರಮಾವ ಎಲ್ಲರ ಎದುರಿಗೆ ಕೇಳಿಯೇಬಿಟ್ಟ: “ಈ ಬ್ಯಾಳಿ ಯಾರ ಮಾಡಿದ್ರಬೇ?”

ನಾನು ಅತ್ತೆಯ ಮುಖ ನೋಡಿದೆ. ಇಂಥ ಗಳಿಗೆಗಾಗಿ ಎರಡು ವರ್ಷ ಕಾದಿದ್ದೆ. ಆದರೆ ಒದ್ದೆ ತಲೆಯಲ್ಲಿ ಸೌಟು ಹಿಡಿದು ನಿಂತಿದ್ದ ಆ ಜೀವವನ್ನು ನೋಡಿ ಮನಸ್ಸು ಬರಲಿಲ್ಲ. “ನಾನಽ ಮಾಡೇನಿ, ಮಾಮಾ” ಎಂದುಬಿಟ್ಟೆ.

“ಸುಳ್ಳ ಹೇಳಬ್ಯಾಡ,” ಎಂದರು ಅತ್ತೆ. ಪಂಕ್ತಿಯ ಕಡೆ ತಿರುಗಿದರು. “ನಾ ಮಾಡೇನ್ರಿ. ನನಗ ಅಡಗಿ ಛಲೋ ಬರ್ತೈತಿ. ತಪ್ಪ ನಂದಲ್ಲ, ನಿಮ್ಮೂರ ನೀರಿಂದು.”

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನನ್ನನ್ನೇ ದಿಟ್ಟಿಸಿದರು. ತಾವು ಏನು ಅಂದೆವು ಎಂಬುದು ಆಗ ಅವರಿಗೆ ಹೊಳೆಯಿತು.

“ಆತು ಬಿಡ, ನಗಬ್ಯಾಡ,” ಎಂದರು. “ನಾಳಿಂದ ನಮ್ಮೂರ ನಳಕ್ಕ ಬೈತೇನಿ.”