ಅಜ್ಜನ ಹೆಸರಿನ ಮೇಲೆ ನಡೆಯುವ ದವಾಖಾನೆಗೆ ಒಂದು ಬಿನ್ನಹ

ಮಾನ್ಯರೇ,

ಮೂಡಲಗಿಯ ಬಜಾರದಲ್ಲಿ ಗೊಬ್ಬರದಂಗಡಿಯ ಮಾಳಿಗೆಯ ಮೇಲೆ ಕುಳಿತು ಸುತ್ತಲಿನ ಊರುಗಳ ಮನಸ್ಸುಗಳನ್ನು ರಿಪೇರಿ ಮಾಡುತ್ತಿರುವ ಶ್ರೀ ಮಹಾಂತೇಶ ಅವರಿಗೆ ಕೌಜಲಗಿಯ ಶಿದ್ಲಿಂಗಪ್ಪನ ಶರಣು. ತಾವು ಸುಖವಾಗಿರುವಿರೆಂದು ಬಲ್ಲೆ. ತಮ್ಮ ಆ ಕೋಣೆಯಲ್ಲಿ ಸುಖವಾಗಿರುವವರು ತಾವೊಬ್ಬರೇ.

ನನ್ನ ತಮ್ಮನ ಮಗಳು ಭಾಗ್ಯಾ ಹೆರಿಗೆಯಾದಂದಿನಿಂದ ನಿದ್ದೆಯಿಲ್ಲದೆ ಗೋಡೆ ನೋಡುತ್ತ ಕೂಡತೊಡಗಿದಾಗ, ಗೋಕಾಕದ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, ಜೊತೆಗೆ ಒಬ್ಬ ಮನಃಶಾಸ್ತ್ರಜ್ಞರ ಹತ್ತಿರವೂ ಮಾತಾಡಿಸಿರಿ ಎಂದರು. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂಬ ತಮ್ಮ ಫಲಕವನ್ನು ನಾವು ಕಂಡಿದ್ದೆವಾದರೂ, ಫಲಕ ನೋಡಿ ಮರುಳಾಗುವ ಜನ ನಾವಲ್ಲ. ಹೆಣ್ಣು ಕೊಡುವ ಮುಂಚೆ ವರನನ್ನು ಹೇಗೆ ವಿಚಾರಿಸುತ್ತೇವೋ ಹಾಗೆಯೇ ತಮ್ಮನ್ನೂ ವಿಚಾರಿಸಿದೆವು. ತಮ್ಮ ತಾಯಿಯವರ ತವರಾದ ಹತ್ತರಗಿಗೆ ನಮ್ಮ ಬಸವಲಿಂಗ ಕಾಕಾ ಹೋಗಿ, ಹೆದ್ದಾರಿ ಬದಿಯ ಚಹಾದಂಗಡಿಯಲ್ಲಿ ಅರ್ಧ ದಿನ ಕೂತು, ತಮ್ಮ ಸೋದರಮಾವಂದಿರ ನಡತೆ, ತಮ್ಮ ಅಜ್ಜ ಊರಿನ ಜಗಳಗಳನ್ನು ಕೋರ್ಟು ಮುಟ್ಟಗೊಡದೆ ಕಟ್ಟೆಯ ಮೇಲೇ ಬಗೆಹರಿಸಿದ್ದು, ತಾವು ಗುಟಕಾ ತಿನ್ನದಿರುವುದು, ಎಲ್ಲವನ್ನೂ ತಿಳಿದುಕೊಂಡು ಬಂದು, “ಮನಿತನ ಭಾಳ ಚೊಲೋ ಐತಿ, ಕಣ್ಣ ಮುಚ್ಚಿ ಹೋಗ್ರಿ” ಎಂದರು. ಕಣ್ಣು ಮುಚ್ಚಿಕೊಂಡೇ ಬಂದೆವು.

ತಾವಾದರೂ ಎಂಥ ಸೌಜನ್ಯವಂತರು! ಭಾಗ್ಯಾಳ ನಿದ್ದೆಯ ಸುದ್ದಿ ತೆಗೆಯುವ ಮೊದಲೇ ನಮ್ಮ ಬೀಗರ ಊರು ಕೇಳಿ, ಎಲ್ಲೆಲ್ಲೋ ಸುತ್ತಿ ಬಳಸಿ ಸಂಬಂಧ ಹಚ್ಚಿ, ನನ್ನನ್ನು ಮಾವನನ್ನಾಗಿ ಮಾಡಿಕೊಂಡಿರಿ. ಆಮೇಲೆ, ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕೆಂದು ಬೋಧಿಸಿ ಅವಳ ಗುಳಿಗೆ ಬಿಡಿಸಿದಿರಿ. ಗುಳಿಗೆ ಬಿಟ್ಟ ಭಾಗ್ಯಾ ಒಂದು ಮಧ್ಯಾಹ್ನ, ಮಗು ಬಾಜೂಕ್ಕೇ ಅತ್ತು ಅತ್ತು ದನಿ ಕಟ್ಟಿದರೂ ತಿರುಗಿ ನೋಡಲಿಲ್ಲ. ಅವಳ ತಾಯಿ ಸುಂದ್ರವ್ವ ಮಗಳನ್ನೂ ಮೊಮ್ಮಗನನ್ನೂ ಕಟ್ಟಿಕೊಂಡು ಮತ್ತೆ ಗೋಕಾಕಕ್ಕೆ ಓಡಿದಳು. ನಾನೂ ಹಿಂದೆ ಹೋದೆ.

ಗುಳಿಗೆ ಬಿಡಿಸಿದವರು ತಾವೆಂದು ತಿಳಿದು ಡಾಕ್ಟರಮ್ಮ ತಮ್ಮ ನೋಂದಣಿ ಸಂಖ್ಯೆ ಕೇಳಿದರು. ನಾವು ತಮ್ಮ ಅಜ್ಜನ ಹೆಸರು ಹೇಳಿದೆವು. ಅದು ಸಾಲದೆಂದಾಗ ಸೋದರಮಾವನ ಹೆಸರನ್ನೂ ಹೇಳಿದೆವು. ಅಂಥ ಫಲಕ ಹಾಕುವವರ ಹೆಸರು ದಿಲ್ಲಿಯ ಪುನರ್ವಸತಿ ಪರಿಷತ್ತಿನ ನೋಂದಣಿಯಲ್ಲಿ ಇರಬೇಕೆಂದೂ, ಅದನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ನೋಡಬಹುದೆಂದೂ ತಿಳಿಸಿ, ಅವರು ನಮ್ಮೆದುರೇ ಹುಡುಕಿದರು. ತಾವು ಅಲ್ಲಿರಲಿಲ್ಲ. ಮೊಬೈಲಿಗೇ ಏನೋ ಆಗಿರಬೇಕೆಂದು ತಮ್ಮ ಪರವಾಗಿ ವಾದಿಸಿದವನು ನಾನು.

ಗುಳಿಗೆ ಮತ್ತೆ ಶುರುವಾಗಿ ಕಣ್ಣಿಗೆ ನಿದ್ದೆ ಹತ್ತಿದ ಮೇಲೆ, ಭಾಗ್ಯಾ ನನ್ನನ್ನೂ ಕರೆದುಕೊಂಡು ತಾನೇ ತಮ್ಮೆದುರು ಬಂದು ಕೂತು, “ನಿಮ್ಮ ನೋಂದಣಿ ನಂಬರ್ ಎಷ್ಟ್ರಿ?” ಎಂದು ಕೇಳಿದಳು. ತಾವು ಅವಳತ್ತ ನೋಡದೆ ನನ್ನತ್ತ ನಕ್ಕು, “ಮಾವಾರ, ಸಂಬಂಧಿಕರ ನಡುವ ನಂಬರ್ ಯಾಕ್ರಿ?” ಎಂದಿರಿ. ಗೋಡೆಯ ಮೇಲಿನ ಬಂಗಾರದ ಮೊಹರಿನ ಪ್ರಮಾಣಪತ್ರ ತೋರಿಸಿದಿರಿ. ಅವಳು ಎದ್ದು ಹೋಗಿ ಓದಿದಳು. ಅದು ವ್ಯಕ್ತಿತ್ವ ವಿಕಸನ ಶಿಬಿರಕ್ಕೆ ಹಾಜರಾಗಿ ಊಟ ಮಾಡಿ ಬಂದವರಿಗೆಲ್ಲ ಕೊಟ್ಟದ್ದಾಗಿತ್ತು.

ಆದಕಾರಣ ತಮ್ಮಲ್ಲಿ ವಿನಂತಿ. ಗುಳಿಗೆಯ ಕೆಲಸವನ್ನು ಮನೋಬಲವೇ ಮಾಡುವುದಾದರೆ, ಕರೆಂಟು ಹೋದಾಗ ನಮ್ಮ ಕಬ್ಬಿನ ಪಂಪ್‌ಸೆಟ್ಟನ್ನೂ ದಯವಿಟ್ಟು ಅದರಿಂದಲೇ ನಡೆಸಿಕೊಡಬೇಕು. ಅಜ್ಜಂದಿರಿಗೂ ಒಂದು ನೋಂದಣಿ ತೆರೆಯುವಂತೆ ದಿಲ್ಲಿಗೆ ತಾವೇ ಬರೆಯಬೇಕು. ತಮ್ಮ ಅಜ್ಜನವರು ಅದರಲ್ಲಿ ಮೊದಲಿಗರಾಗುವುದರಲ್ಲಿ ಸಂಶಯವಿಲ್ಲ. ಅಲ್ಲಿಯವರೆಗೆ ಆ ಫಲಕ ಇಳಿಸಿ, ಆ ಮೊಳೆಗೆ ಅವರ ಫೋಟೋ ತೂಗುಹಾಕಬೇಕು. ಅಲ್ಲಿ ತೂಗುಹಾಕಲು ಯೋಗ್ಯವಾದದ್ದು ತಮ್ಮಲ್ಲಿ ಅದೊಂದೇ.

ಭಾಗ್ಯಾ ಈಗ ಹುಕ್ಕೇರಿಯಲ್ಲಿ ಒಬ್ಬ ಮನಃಶಾಸ್ತ್ರಜ್ಞೆ ಬಾಯಿಯವರ ಹತ್ತಿರ ಹೋಗುತ್ತಾಳೆ. ಅವರ ಅಜ್ಜ ಯಾರೋ, ತವರು ಎಲ್ಲಿಯದೋ ನಮಗೆ ಗೊತ್ತಿಲ್ಲ. ಹೆಸರು ಮಾತ್ರ ನೋಂದಣಿಯಲ್ಲಿದೆ. ಮೊನ್ನೆ ಮಗು ಅತ್ತಾಗ ಎಲ್ಲರಿಗಿಂತ ಮೊದಲು ಎದ್ದವಳು ಭಾಗ್ಯಾಳೇ.

ತಮ್ಮ ವಿಶ್ವಾಸಿ, ತಾವೇ ಹಚ್ಚಿದ ಸಂಬಂಧದಿಂದ ಮಾವ,
ಶಿದ್ಲಿಂಗಪ್ಪ, ಕೌಜಲಗಿ

ತಾ.ಕ.: ತಮಗೆ ಹೆಣ್ಣು ಕೊಡಬೇಕೆಂದಿರುವವರು ವಿಚಾರಣೆಗೆಂದು ನಮ್ಮ ಮನೆಗೂ ಬಂದಿದ್ದರು. ಮನೆತನ ಉತ್ತಮವೆಂದು ಇದ್ದದ್ದನ್ನೇ ಹೇಳಿದೆ. ಹುಡುಗನ ಉದ್ಯೋಗ ಖರೆಯೇ ಎಂದು ಅವರು ಕೇಳಿದಾಗ, ಬಸವಲಿಂಗ ಕಾಕಾ ಮೊಬೈಲು ಕೈಗಿಟ್ಟು, “ಇದರಾಗ ಹುಡುಕ್ರಿ” ಎಂದರು. ಇನ್ನೂ ಹುಡುಕುತ್ತಿದ್ದಾರೆ.