ಗಾಳಿ ನೋಡುವ ಮಾಮಾ

ನಮ್ಮ ಅವ್ವನ ತಮ್ಮನಿಗೆ, ಅಂದರೆ ನನ್ನ ಮಾಮಾನಿಗೆ, ಗಾಳಿ ಕಣ್ಣಿಗೆ ಕಾಣುತ್ತಿತ್ತು! ನಂಬದಿದ್ದರೆ ಬಿಡಿ, ಗಂಗಾವತಿಯ ನಮ್ಮ ಓಣಿಯವರೂ ಮೊದಮೊದಲು ನಂಬಿರಲಿಲ್ಲ.

ನನಗೆ ಚಿಕ್ಕಂದಿನಿಂದ ದಮ್ಮು. ಅಕ್ಕಿ ಗಿರಣಿಗಳು ಭತ್ತದ ಹೊಟ್ಟು ಉರಿಸಿದ ದಿನ ಕರಿ ಬೂದಿ ಹಾರಿಬಂದು ಉಸಿರು ಕಟ್ಟುತ್ತಿತ್ತು. ಅದಕ್ಕೇ ಮಾಮಾ ದಿನಾ ಮುಂಜಾನೆ ಮಾಳಿಗೆಯ ಮೇಲೆ ಒದ್ದೆಯಾದ ಬಿಳಿ ಕರವಸ್ತ್ರವನ್ನು, ನಮ್ಮ ಕಡೆಯ ದಸ್ತಿಯನ್ನು, ಹರವಿ ಕೂರುತ್ತಿದ್ದರು. ಚಹಾ ಮುಗಿಯುವಷ್ಟರಲ್ಲಿ ವರದಿ ಸಿದ್ಧ: "ಇದು ಕಾಲುವಿ ದಂಡಿ ಗಿರಣಿ ಬೂದಿ. ಹಸಿ ಹೊಟ್ಟು ಉರಿಸ್ಯಾರ. ಇವತ್ತ ಸಾಲಿ ಬ್ಯಾಡ!" ಗಣಿತದ ಪರೀಕ್ಷೆಯ ದಿನ ಮಾತ್ರ ದಸ್ತಿ ಬೆಳ್ಳಗೇ ಉಳಿಯುತ್ತಿದ್ದುದು ನನ್ನ ದುರದೃಷ್ಟ.

ಅಕ್ಕನಿಗೆ ವರ ನೋಡಲು ಕೊಪ್ಪಳಕ್ಕೆ ಹೋದಾಗ ಎಲ್ಲರೂ ಹೊಲ, ನೌಕರಿ ವಿಚಾರಿಸುತ್ತಿದ್ದರೆ ಇವರು ದಸ್ತಿ ಹಿಡಿದು ಮಾಳಿಗೆ ಹತ್ತಿದರು. ಇಳಿದು ಬಂದವರೇ, "ಹುಡುಗ ಛಲೋ ಅದಾನ್ರಿ. ಗಾಳಿನ ಸರಿ ಇಲ್ಲ" ಎಂದರು.

ಹುಡುಗನ ತಂದೆ ಎದ್ದು ನಿಂತರು. "ಲಗ್ನ ಗಾಳಿ ಜೋಡಿ ಮಾಡ್ತೀರೇನ್ರಿ?"

ಒಳಗಿಂದ ಉಪ್ಪಿಟ್ಟು ಹೊರಗೆ ಬರಲೇ ಇಲ್ಲ!

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಮುಂಬಯಿಯಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ರಸಾಯನಶಾಸ್ತ್ರ ಬಿಟ್ಟರೆ ನನಗೆ ಬೇರೇನೂ ಬೇಕಿರಲಿಲ್ಲ. ಅಪ್ಪ ಕಡ್ಡಿ ಮುರಿದಂತೆ ಹೇಳಿದರು: "ನಿಮ್ಮ ಮಾಮಾ ಹೋಗಿ ಗಾಳಿ ನೋಡಿ ಬರ್ಲಿ. ಅವರು ಹೂಂ ಅಂದ್ರ ಹೋಗು. ಇಲ್ಲಂದ್ರ ಸುಮ್ಮನ ಮನ್ಯಾಗಿರು."

ಇಬ್ಬರೂ ಹೋದೆವು. ಹಾಸ್ಟೆಲಿನ ಗೋಡೆಯ ಮೇಲೆ ದಸ್ತಿ ಹರವಿದ್ದಾಯಿತು. ಸಂಜೆಗೆ ಅದು ಚಹಾ ಸೋಸಿದ ಅರಿವೆಯಂತಾಗಿತ್ತು! ಮಾಮಾ ಅದನ್ನೇ ಹಿಡಿದು, ಧಾರವಾಡದ ಕಡೆಯವರಾದ ಪ್ರಾಧ್ಯಾಪಕರ ಕೋಣೆಗೆ ನುಗ್ಗಿದರು.

"ಧೂಳು ಅಷ್ಟ ಅಲ್ರಿ," ಎಂದರು ಪ್ರಾಧ್ಯಾಪಕರು. "ಮೋಟಾರ್ ಹೊಗಿಗೆ ಬಿಸಿಲು ಬಡದು ಓಝೋನ್ ಅಂತ ಹುಟ್ಟತೈತಿ. ಅದು ಕಣ್ಣಿಗೆ ಕಾಣೂದಿಲ್ಲ, ಎದಿಗೆ ಬಡೀತೈತಿ. ಧೂಳು ಬಿಸಿಲಿಗೆ ಅಡ್ಡ ಬಂದ್ರ ಅದು ಹುಟ್ಟೂದು ಒಂದೀಟು ಕಡಿಮಿ."

"ಹಂಗಾರ ನಮ್ಮ ಗಂಗಾವತಿ ಬೂದಿ ಎರಡು ಚೀಲ ಕಳಸ್ಲೇನ್ರಿ?"

"ಬ್ಯಾಡ್ರಿ ಮಾರಾಯ್ರ! ಆ ಧೂಳೂ ಎದಿಗೇ ಹೋಗೂದು."

ಮಾಮಾ ನಗಲಿಲ್ಲ. ಕಣ್ಣಿಗೆ ಕಾಣದ ಗಾಳಿಯೂ ಉಂಟೆಂದು ಅವರಿಗೆ ತಿಳಿದದ್ದು ಅಂದೇ. ಹೊರಗೆ ಬಂದು, "ಇಲ್ಲೇ ಕಲೀಬೇಕೇನವಾ?" ಎಂದರು. ನಾನು ಹೂಂ ಎಂದೆ. ಅವರು ಆ ದಸ್ತಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

ಊರಿಗೆ ಮರಳಿದಾಗ ಮನೆಯ ಕಟ್ಟೆಯ ಮೇಲೆ ಅಪ್ಪ ಕಾಯುತ್ತಿದ್ದರು. "ಏನಂತೈತಿ ಗಾಳಿ?"

ಮಾಮಾ ನನ್ನತ್ತ ನೋಡಲಿಲ್ಲ. "ಹಾಲಿನಂಗ ಐತ್ರಿ ಭಾವಾರ, ಕಳಸ್ರಿ" ಎಂದು ನೇರ ಒಳಗೆ ಹೋದರು. ಹಿಂದೆಯೇ ಹೋದ ನನಗೆ ಅಡುಗೆಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದ ಅವರ ಸಣ್ಣ ದನಿ ಕೇಳಿಸಿತು:

"ಅಕ್ಕಾ, ಆಕಿ ದಮ್ಮಿನ ಗುಳಿಗಿ ಎರಡು ಡಬ್ಬಿ ಹೆಚ್ಚಿಗಿ ಕಟ್ಟು. ಭಾವಾರಿಗೆ ಹೇಳಬ್ಯಾಡ."