ಪರದೆಯ ಮೇಲಿನ ಮುತ್ತು

ಎಲ್ಲ ರಗಳೆಗೂ ಕಾರಣ ಒಂದು ಮುತ್ತು. ಅದೂ ಕೆನ್ನೆಯ ಮೇಲಿನದು.

ಲಾಸ್ ಏಂಜಲೀಸ್‌ನ ಸ್ಪ್ಯಾನಿಷ್ ವಾರ್ತಾವಾಹಿನಿಯೊಂದರಲ್ಲಿ ಸುದ್ದಿ ಬರೆಯುವ ಯುಸೆಬಿಯೊ ಬೆಳಿಗ್ಗೆ ಕಾಫಿ ಹಿಡಿದು ಒಳಗೆ ಬಂದರೆ, ಚಿತ್ರ ವಿಭಾಗದ ಮರಿಸೇಲಾಳ ಪರದೆಯ ಮೇಲೆ ತಾನೇ ನಿಂತಿದ್ದಾನೆ. ಸಲಿಂಗಪ್ರೇಮಿಗಳ ಪ್ರೈಡ್ ಮೆರವಣಿಗೆಯ ಚಿತ್ರ. ಪಕ್ಕದಲ್ಲಿ ಜೊತೆಗಾರ ರೆನೆ. ಅವನ ತುಟಿ ಯುಸೆಬಿಯೊನ ಕೆನ್ನೆಗೆ ಅಂಚೆಚೀಟಿಯಂತೆ ಅಂಟಿತ್ತು.

"ಸಂಜೆ ವಾರ್ತೆಗೆ ಕಣೋ," ಎಂದಳು ಮರಿಸೇಲಾ. "ಗಂಡು ಗಂಡನ್ನೇ ಪ್ರೀತಿಸಿದ್ರೆ ಸ್ಪ್ಯಾನಿಷ್ ಮಾತಾಡೋ ನಮ್ಮ ಲ್ಯಾಟಿನೊ ಜನರ ಮನೇಲಿ ಏನಂತಾರೆ ಅನ್ನೋ ವರದಿ. ಎಷ್ಟು ಚೆನ್ನಾಗಿ ಬಂದಿದೀಯ ನೋಡು."

"ತೆಗಿಯೇ ಮಾರಾಯ್ತಿ. ನಮ್ಮಮ್ಮ ದಿನಾ ನೋಡೋದು ಇದೇ ವಾರ್ತೆ. ಅವಳ ಲೆಕ್ಕದಲ್ಲಿ ರೆನೆ ನನ್ನ ರೂಮ್‌ಮೇಟು."

ಮರಿಸೇಲಾ ಒಳ್ಳೆಯವಳು. ರೆನೆಯನ್ನು ಕತ್ತರಿಸಿದಳು. ತುಟಿ ಮಾತ್ರ ಕೆನ್ನೆಯಲ್ಲೇ ಉಳಿಯಿತು, ಜಿಗಣೆಯ ಹಾಗೆ. ವಾರ್ತೆ ಓದುವ ಲಿಯೊಪೋಲ್ದೊ ಇಣುಕಿ, "ಮುಖ ಮಸುಕು ಮಾಡು, ಯಾರಿಗೂ ಗೊತ್ತಾಗಲ್ಲ," ಎಂದ. ರೆನೆಯನ್ನು ಮತ್ತೆ ಸೇರಿಸಿ ಮಸುಕು ಮಾಡಿದರೆ, ಇಬ್ಬರೂ ಬ್ಯಾಂಕ್ ದೋಚಿ ಸಿಕ್ಕಿಬಿದ್ದವರಂತೆ ಕಂಡರು.

ಅಷ್ಟರಲ್ಲಿ ಸುದ್ದಿ ಮುಖ್ಯಸ್ಥ ಬರ್ರಗಾನ್ ಬಂದ. ಮಸುಕು ಮುಖಗಳು ಯಾರವೆಂದು ಅವನಿಗೆ ತಿಳಿಯಲಿಲ್ಲ.

"ಈ ಚಿತ್ರ ಬೇಡ," ಎಂದ. ಯುಸೆಬಿಯೊಗೆ ಹೋದ ಜೀವ ಬಂತು.

"ಮುತ್ತು ಕೊಡಿಸಿಕೊಳ್ತಿರೋ ಇವನು ಲ್ಯಾಟಿನೊ ಥರ ಕಾಣಲ್ಲ. ತುಂಬ ಕಪ್ಪು. ನೋಡೋರು ತಬ್ಬಿಬ್ಬಾಗ್ತಾರೆ. ಸ್ವಲ್ಪ ಬೆಳ್ಳಗಿರೋರನ್ನ ಹುಡುಕು."

ಯುಸೆಬಿಯೊ ಬಯಸಿದ್ದು ಸಿಕ್ಕಿತ್ತು, ಸುಮ್ಮನಿದ್ದರೆ ಸಾಕಿತ್ತು. ಆದರೆ ಹೊಂಡುರಾಸ್‌ನ ಕಡಲಂಚಿನ ಕಪ್ಪು ಜನರ ಮಗನಾದ ಅವನು ಸುಮ್ಮನಿರಲಿಲ್ಲ.

"ಸಾರ್, ಆ ಮುಖ ನಂದು. ನೀವು ದಿನಾ ಓದಿಸೋ ಸುದ್ದಿ ಬರಿಯೋದೂ ಇದೇ ಕಪ್ಪು ಕೈ. ಆಗ ಯಾರೂ ತಬ್ಬಿಬ್ಬಾಗಲ್ಲ. ನಾನು ಲ್ಯಾಟಿನೊ ಅಲ್ಲದಿದ್ರೆ ಇಲ್ಲಿ ಯಾರೂ ಅಲ್ಲ. ಹಾಕೋದಾದ್ರೆ ಇದನ್ನೇ ಹಾಕಿ."

ಬರ್ರಗಾನ್ ಕಿವಿಯವರೆಗೂ ಕೆಂಪಾದ.

"ತಪ್ಪಾಯ್ತಪ್ಪ," ಎಂದ. "ಮಸುಕು ತೆಗೀರಿ. ಪರದೆ ತುಂಬ ಹಾಕಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮರಿಸೇಲಾ ಕಣ್ಣೊರೆಸಿಕೊಂಡಳು. ಯುಸೆಬಿಯೊಗೆ ಅಮ್ಮನ ನೆನಪಾದದ್ದು ಆಗಲೇ.

ಮೆಟ್ಟಿಲ ಬಳಿ ಹೋಗಿ ಫೋನ್ ಮಾಡಿದ. ಅತ್ತ, ಊರಿನ ಇನ್ನೊಂದು ತುದಿಯ ಮನೆಯಲ್ಲಿ, ಅಮ್ಮ ತಿಯೋಫಿಲಾ ಬಾಳೆಕಾಯಿ ಕುಟ್ಟುತ್ತಿದ್ದಳು. ಟಿ.ವಿ.ಯಲ್ಲಿ ನೋಡುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದು, ಬೆವರುತ್ತ, ಎಲ್ಲವನ್ನೂ ಹೇಳಿದ. ಒರಳಿನ ಸದ್ದು ನಿಂತಿತು.

"ಎಷ್ಟು ಹೊತ್ತಿಗೆ ಬರತ್ತೆ?" ಎಂದಳು ಅಮ್ಮ.

"ಆರಕ್ಕೆ."

ಫೋನ್ ಕಟ್ಟಾಯಿತು.

ಸಂಜೆ ವರದಿ ಇನ್ನೇನು ಶುರುವಾಗಬೇಕು, ಹೆದ್ದಾರಿಯಲ್ಲಿ ಬಿಳಿ ಕಾರೊಂದು ಪೊಲೀಸರಿಂದ ತಪ್ಪಿಸಿಕೊಂಡು ಓಡತೊಡಗಿತು. ಆ ಊರಿನಲ್ಲಿ ಪೊಲೀಸರು ಕಾರನ್ನು ಅಟ್ಟಿದರೆಂದರೆ, ದೇವರು ಪ್ರತ್ಯಕ್ಷನಾದ ಸುದ್ದಿಯೂ ಕಾಯಬೇಕು. ಹೆಲಿಕಾಪ್ಟರಿನಿಂದ ಅದನ್ನೇ ತೋರಿಸಿದರು. ವಾರ್ತೆ ಮುಗಿಯುವ ಹೊತ್ತಿಗೆ ಕಾರಿನಲ್ಲಿ ಪೆಟ್ರೋಲೂ ಮುಗಿಯಿತು. ಚಿತ್ರ ಬರಲೇ ಇಲ್ಲ.

ಅಮ್ಮನಿಗೆ ಹೇಳಬೇಕಾಗಿಯೇ ಇರಲಿಲ್ಲವಲ್ಲ ಎಂದು ಯುಸೆಬಿಯೊ ತಲೆ ಚಚ್ಚಿಕೊಳ್ಳುವಾಗ ಫೋನ್ ಬಂತು.

"ಎಲ್ಲೋ ನಿನ್ನ ಚಿತ್ರ?" ಅಮ್ಮನ ದನಿ ಗುಡುಗಿತು. "ಬೀದಿಯವರನ್ನೆಲ್ಲ ಕರೆದು ಕೂರಿಸಿದೀನಿ. ನಮ್ಮ ಬಣ್ಣದ ಹುಡುಗ ಆ ವಾರ್ತೆಲಿ ಬರ್ತಾನೆ, ಅದೂ ನನ್ನ ಮಗ, ಜೋಡಿ ಸಮೇತ, ಅಂತ. ಆ ಪಕ್ಕದ್ಮನೆ ಪೆತ್ರೋನಾ ನಗ್ತಿದಾಳೆ. ರೆನೆನ ಕರ್ಕೊಂಡು ಈಗಲೇ ಬಾ."

"ಊಟಕ್ಕಾ ಅಮ್ಮ?"

"ಊಟ ಆಮೇಲೆ. ಜನ ಇನ್ನೂ ಎದ್ದು ಹೋಗಿಲ್ಲ. ಇಬ್ರೂ ಟಿ.ವಿ. ಮುಂದೆ ನಿಂತು ಆ ಮುತ್ತು ಇಲ್ಲೇ ತೋರಿಸಿ."